ಬಂದವರು, ಇದ್ದವರು



ಆಧ್ಯಾತ್ಮಿಕ ನವೀಕರಣದ ಬಗ್ಗೆ ಮಾತಾಡಬೇಕೆಂದು ಕರಿಕೆಯ ಸಂಘದವರು ಕೇಳಿದಾಗ, ಅದರ ಜೊತೆಗೆ ವಲಸೆ ಬಂದವರ ಬಗ್ಗೆಯೂ ಮಾತಾಡಲು ಬಿಡಿ ಎಂದೆ. ಒಂದು ದೇವರ ಮುಂದೆ ಕೂತು ಮಾಡುವ ಕೆಲಸ, ಇನ್ನೊಂದು ಪಂಚಾಯಿತಿಯವರೋ ಪೊಲೀಸರೋ ನೋಡಿಕೊಳ್ಳಬೇಕಾದ ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಒಬ್ಬ ಕಥೋಲಿಕ ಗುರುವಾಗಿ ನಾನು ಕಂಡದ್ದು ಬೇರೆ. ಹೊರಗಿನಿಂದ ಬಂದವರನ್ನು ಅಂಗಳದಲ್ಲೇ ನಿಲ್ಲಿಸುವ ಊರಿನಲ್ಲಿ ಪ್ರಾರ್ಥನೆ ಹೆಚ್ಚಿದ್ದನ್ನು ಕಂಡಿದ್ದೇನೆ, ಹಬ್ಬ ದೊಡ್ಡದಾದದ್ದನ್ನು ಕಂಡಿದ್ದೇನೆ, ಮನಸ್ಸು ಹೊಸದಾದದ್ದನ್ನು ಮಾತ್ರ ಕಂಡಿಲ್ಲ.

ಈ ಮಾತು ಆಡಲು ಕರಿಕೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಭಾಗಮಂಡಲದಿಂದ ಪಟ್ಟಿಘಾಟಿನ ಕಾಡಿನೊಳಗೆ ಇಳಿದು ಬಂದರೆ ನೀವಿದ್ದೀರಿ. ಇನ್ನಷ್ಟು ಇಳಿದರೆ ಪಾಣತ್ತೂರು, ರಾಜಪುರಂ, ಕಾಞಂಗಾಡ್. ಒಂದು ಮನೆಯಲ್ಲಿ ಅರೆಭಾಷೆ, ಪಕ್ಕದ ತೋಟದಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. 2021ರ ಜನವರಿ 3ರಂದು ಈಶ್ವರಮಂಗಲದ ಕಡೆಯಿಂದ ಕರಿಕೆಯ ಮದುವೆಗೆ ಬರುತ್ತಿದ್ದ ದಿಬ್ಬಣದ ಬಸ್ಸು ಪಾಣತ್ತೂರಿನ ಹತ್ತಿರ ಉರುಳಿ 7 ಜನ ತೀರಿಕೊಂಡರು. ಆ ದುಃಖವನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ. ಕರ್ನಾಟಕದಿಂದ ಕರ್ನಾಟಕಕ್ಕೆ ಹೊರಟ ದಿಬ್ಬಣ ಕೇರಳದ ನೆಲ ದಾಟಿ ಬರಬೇಕಾಗಿತ್ತು. ಬಸ್ಸಿನಡಿ ಸಿಕ್ಕವರನ್ನು ಹೊರಗೆಳೆಯಲು ಓಡಿಬಂದವರು ಆ ಕಡೆಯ ಊರಿನವರು. ಗಡಿ ಎಂಬುದು ನಕ್ಷೆಯಲ್ಲಿ ಎಷ್ಟು ಗಟ್ಟಿಯೋ ನಿಮ್ಮ ಬದುಕಿನಲ್ಲಿ ಅಷ್ಟು ಗಟ್ಟಿ ಇಲ್ಲ.

ನಮ್ಮ ಶಾಸ್ತ್ರಗ್ರಂಥದಿಂದ ಒಂದು ವಿಷಯ ಹೇಳುತ್ತೇನೆ. 2025ನೇ ವರ್ಷವನ್ನು ಕಥೋಲಿಕ ಧರ್ಮಸಭೆ ಜೂಬಿಲಿ ವರ್ಷವಾಗಿ ಆಚರಿಸಿತು. ಪೋಪ್ ಫ್ರಾನ್ಸಿಸ್ 2024ರ ಡಿಸೆಂಬರ್ 24ರ ರಾತ್ರಿ ರೋಮಿನಲ್ಲಿ ಪವಿತ್ರ ದ್ವಾರ ತೆರೆದರು. 2025ರ ಏಪ್ರಿಲ್ 21ರಂದು ಅವರು ತೀರಿಕೊಂಡ ಮೇಲೆ, ಹೊಸ ಪೋಪ್ 14ನೇ ಲಿಯೋ ಅದನ್ನು ಮುಂದುವರಿಸಿದರು. ಅಕ್ಟೋಬರ್ ಮೊದಲ ವಾರದಲ್ಲಿ ವಲಸಿಗರಿಗೆಂದೇ ಆ ವರ್ಷದ ಒಂದು ಆಚರಣೆ ಇತ್ತು. ಜೂಬಿಲಿ ಎಂದರೆ ನವೀಕರಣದ ವರ್ಷ. ಅದರ ಮೂಲ ಇರುವುದು ಯಾಜಕಕಾಂಡದ 25ನೇ ಅಧ್ಯಾಯದಲ್ಲಿ. 50 ವರ್ಷಕ್ಕೊಮ್ಮೆ ಮಾರಿದ ಹೊಲ ಮೂಲದವನಿಗೆ ಮರಳಬೇಕು, ಜೀತಕ್ಕಿದ್ದವನು ಬಿಡುಗಡೆಯಾಗಬೇಕು. ಯಾಕೆ ಎಂಬುದಕ್ಕೆ ದೇವರು ಅಲ್ಲೇ ಕಾರಣ ಕೊಡುತ್ತಾರೆ: ಭೂಮಿ ನನ್ನದು, ಅದರಲ್ಲಿ ನೀವೆಲ್ಲ ಬಂದು ತಂಗಿರುವವರು. ಹೊಲದ ಯಜಮಾನನಿಗೆ ಹೇಳಿದ ಮಾತು ಇದು, ಹೊಲಕ್ಕೆ ಕೂಲಿಗೆ ಬಂದವನಿಗೆ ಹೇಳಿದ್ದಲ್ಲ. ನವೀಕರಣದ ನಿಯಮ ನಿಂತಿರುವುದೇ ನಾನೂ ಬಂದವನು ಎಂದು ಒಪ್ಪಿಕೊಳ್ಳುವುದರ ಮೇಲೆ. ಪರದೇಶಿಗೆ ತೊಂದರೆ ಕೊಡಬೇಡ, ನೀನೂ ಐಗುಪ್ತದಲ್ಲಿ ಪರದೇಶಿಯಾಗಿದ್ದೆ ಎಂಬ ಅರ್ಥದ ಮಾತು ಮೋಶೆಯ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಇಸ್ರಯೇಲರಿಗೆ ಬೇಗ ಮರೆತುಹೋಗುತ್ತಿದ್ದ ಸಂಗತಿ ಅದೊಂದೇ ಇರಬೇಕು.

ಕೊಡಗಿನ ಚರಿತ್ರೆಯಲ್ಲಿ ಈ ನೆನಪು ಕೆಲಸ ಮಾಡಿದ ಒಂದು ಸಂದರ್ಭವಿದೆ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕಥೋಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಮಂಗಳೂರು ಸೀಮೆಯ ಪ್ರತಿಯೊಂದು ಹಳೆಯ ಕಥೋಲಿಕ ಮನೆತನದಲ್ಲೂ ಈ ಸೆರೆಯ ನೆನಪಿದೆ. ಅದೇ ದಶಕದಲ್ಲಿ ಕೊಡವರೂ ಸೆರೆಯಾದರು. ಕೊಡಗಿನ ರಾಜಕುಮಾರ ದೊಡ್ಡ ವೀರರಾಜೇಂದ್ರನೇ ಪಿರಿಯಾಪಟ್ಟಣದ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನು. ಮೈಸೂರು ಸೀಮೆಯಿಂದ ತಪ್ಪಿಸಿಕೊಂಡ ಕಥೋಲಿಕರು ಘಟ್ಟದ ಈ ಕಡೆ ಬಂದಾಗ ಅವನು ತಾನು ಕಟ್ಟಿಸುತ್ತಿದ್ದ ಹೊಸ ಪೇಟೆಯಲ್ಲಿ ಅವರಿಗೆ ನೆಲೆ ಕೊಟ್ಟ, ಚರ್ಚಿಗೆ ಜಾಗ ಕೊಟ್ಟ. ಆ ಪೇಟೆಯೇ ವಿರಾಜಪೇಟೆ, ಆ ಚರ್ಚು ಸಂತ ಅನ್ನಮ್ಮನವರದು, ವರ್ಷ 1792. ಇವತ್ತೂ ಆ ಊರಿನಲ್ಲಿ ಎತ್ತರಕ್ಕೆ ಕಾಣುವುದು ಆ ಚರ್ಚಿನ ಗೋಪುರ. ಆ ಅರಸನ ಕೊನೆಗಾಲದ ಕ್ರೌರ್ಯ ಚರಿತ್ರೆ ಓದಿದವರಿಗೆ ಗೊತ್ತು. ಅವನನ್ನು ಸಂತನನ್ನಾಗಿ ಮಾಡಲು ನಾನು ಬಂದಿಲ್ಲ. ಆದರೆ ಸೆರೆ ಕಂಡು ಬಂದವನು ಸೆರೆಯಿಂದ ಓಡಿ ಬಂದವರನ್ನು ಗುರುತಿಸಿದ. ಅವರು ಯಾವ ದೇವರನ್ನು ಪೂಜಿಸುತ್ತಾರೆ ಎಂಬುದು ಅವನಿಗೆ ಅಡ್ಡಿಯಾಗಲಿಲ್ಲ. ಕೊಡಗಿನಲ್ಲಿ ನಮ್ಮ ಧರ್ಮಸಭೆ ಬೇರು ಬಿಟ್ಟದ್ದು ಒಬ್ಬ ಲಿಂಗಾಯತ ಅರಸ ಕೊಟ್ಟ ಮಣ್ಣಿನಲ್ಲಿ. ಇಲ್ಲಿ ಬಲಿಪೂಜೆ ಅರ್ಪಿಸುವ ಯಾವ ಗುರುವೂ ಇದನ್ನು ಮರೆಯಕೂಡದು.

ಅದೇ ಅರಸರ ಕಾಲದಲ್ಲಿ ಯುದ್ಧ, ಸೆರೆಗಳಿಂದ ಪಾಳುಬಿದ್ದ ಹೊಲಗಳಿಗೆ ಸುಳ್ಯ ಸೀಮೆಯಿಂದ ಗೌಡ ಕುಟುಂಬಗಳನ್ನು ಕರೆತಂದು ಕೂರಿಸಿದರು. ಇಲ್ಲಿ ಕೂತಿರುವ ಅರೆಭಾಷೆಯ ಹಿರಿಯರಿಗೆ ಇದು ಮನೆಯ ಕಥೆ. ಇನ್ನು ಕೊಡವರ ನಂಬಿಕೆಯಂತೆ ಇಗ್ಗುತ್ತಪ್ಪನೂ ಅವನ ಒಡಹುಟ್ಟಿದವರೂ ಮಲೆಯಾಳದ ಕಡಲ ಕಡೆಯಿಂದ ಬಂದ ದೈವಗಳು. ಬೇರೆ ಧರ್ಮದ ಗುರುವಾಗಿ ಈ ಕಥೆಯನ್ನು ನಾನು ಗೌರವದಿಂದ ಹೇಳುತ್ತೇನೆ. ದೈವವೇ ಹೊರಗಿನಿಂದ ಬಂತು, ನಾವು ನೆಲೆ ಕೊಟ್ಟೆವು ಎಂದು ಹಾಡಿಕೊಂಡು ಬಂದ ಜನ ಎಷ್ಟು ದೊಡ್ಡ ಮನಸ್ಸಿನವರು!

ನಿಮ್ಮ ನೆರೆಯ ರಾಜಪುರಂ ಕಥೆ ಇನ್ನೂ ಹತ್ತಿರದ್ದು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಅಲ್ಲಿಂದ ಅಕ್ಕಿ ಬರುವುದು ನಿಂತಿತು. ತಿರುವಾಂಕೂರಿನಲ್ಲಿ ಊಟಕ್ಕೆ ತತ್ವಾರ. ಭೂಮಿ ಇಲ್ಲದ, ಚೂರುಪಾರು ಭೂಮಿ ಇದ್ದ ಕುಟುಂಬಗಳು ಮಲಬಾರಿನ ಬೆಟ್ಟಗಳ ಕಡೆ ಹೊರಟವು. ಕೋಟ್ಟಯಂನ ಧರ್ಮಾಧ್ಯಕ್ಷ ಅಲೆಕ್ಸಾಂಡರ್ ಚೂಳಪ್ಪರಂಬಿಲ್ ಅವರ ಮುಂದಾಳತ್ವದಲ್ಲಿ ಕ್ನಾನಾಯ ಕ್ರೈಸ್ತ ಕುಟುಂಬಗಳು 1943ರಲ್ಲಿ ಈ ಬೆಟ್ಟದ ಬುಡಕ್ಕೆ ಬಂದವು. ಆಗ ರಾಜಪುರಂ ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಬಂದವರನ್ನು ಎದುರುಗೊಂಡದ್ದು ಮಲೇರಿಯಾ, ಕಾಡುಪ್ರಾಣಿ, ಮಳೆ. ಮರಗೆಣಸು ನೆಟ್ಟು ಹೊಟ್ಟೆ ಹೊರೆದರು. ವಯನಾಡಿಗೆ ಹೋದವರ ಗೋಳನ್ನು ಎಸ್.ಕೆ. ಪೊಟ್ಟೆಕ್ಕಾಟ್ ತಮ್ಮ ‘ವಿಷಕನ್ಯಕ’ ಕಾದಂಬರಿಯಲ್ಲಿ ಬರೆದಿದ್ದಾರೆ. ಅದನ್ನು ಓದಿದವರಿಗೆ ಆ ಕಾಲದ ಹೆಣಗಳ ಲೆಕ್ಕ ಅಂದಾಜಾಗುತ್ತದೆ. ಈಗ ಅವರ ಮೊಮ್ಮಕ್ಕಳಿಗೆ ರಬ್ಬರ್ ತೋಟಗಳಿವೆ, ಮಕ್ಕಳು ಗಲ್ಫ್‌ನಲ್ಲಿ, ಕೆನಡಾದಲ್ಲಿ ದುಡಿಯುತ್ತಾರೆ. ರಬ್ಬರ್ ಹಾಲು ತೆಗೆಯಲು ದೂರದ ರಾಜ್ಯಗಳ ಹುಡುಗರು ಬರುತ್ತಾರೆ.

ಇಲ್ಲಿ ನಾನು ನಿಧಾನಿಸಬೇಕು. ವಲಸೆಯ ಕಥೆಯನ್ನು ನಾವು ಕ್ರೈಸ್ತರು ವೀರಗಾಥೆಯಾಗಿ ಹೇಳುತ್ತೇವೆ: ಕಾಡು ಕಡಿದೆವು, ನಾಡು ಕಟ್ಟಿದೆವು. ಆ ಕಾಡು ಖಾಲಿ ಇರಲಿಲ್ಲ. ಆ ಬೆಟ್ಟಗಳಲ್ಲಿ ಮಾವಿಲರು, ಮಲೆವೆಟ್ಟುವರು ಎಂಬ ಆದಿವಾಸಿಗಳು ಕುಮರಿ ಬೇಸಾಯ ಮಾಡಿಕೊಂಡಿದ್ದರು. ಕಾಗದ ಇದ್ದದ್ದು ಜನ್ಮಿಗಳ ಕೈಯಲ್ಲಿ. ನಮ್ಮವರು ಜನ್ಮಿಯಿಂದ ಕೊಂಡರು, ಕಾನೂನು ಪ್ರಕಾರವೇ ಕೊಂಡರು. ಕಾಗದ ಇಲ್ಲದವರು ಮಾತ್ರ ತಮ್ಮ ಬೆಟ್ಟದಲ್ಲೇ ಕೂಲಿಯವರಾದರು. ಕೊಡಗಿನಲ್ಲೂ ಇದೇ ನಡೆದಿದೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಇಡೀ ರಾಜ್ಯ ನೋಡಿತು. ತಲೆಮಾರುಗಳಿಂದ ತೋಟದ ಕೂಲಿಗಳ ಲೈನ್‌ಮನೆಯಲ್ಲಿದ್ದ ಎರವರು, ಜೇನುಕುರುಬರು ಸ್ವಂತಕ್ಕೊಂದು ಗುಡಿಸಲು ಬೇಕೆಂದು ಹೊರಬಂದಿದ್ದರು. ಎಲ್ಲರಿಗಿಂತ ಮೊದಲು ಇದ್ದವರು ಅತಿಕ್ರಮಣದವರು ಎನಿಸಿಕೊಂಡರು. ಆದ್ದರಿಂದ ಬಂದವರನ್ನು ಸ್ವಾಗತಿಸಿ ಎಂದು ನಾನು ಹೇಳುವಾಗ, ಯಾರ ಪಾಲಿನ ಜಾಗದಲ್ಲಿ ಸ್ವಾಗತಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳುತ್ತೇನೆ. ಜೂಬಿಲಿಯ ನಿಯಮ ಮೂಲದವನಿಗೆ ಹೊಲ ಮರಳಲಿ ಎಂದದ್ದು ಸುಮ್ಮನೆ ಅಲ್ಲ. ಒಬ್ಬ ಬಡವನಿಗೆ ಜಾಗ ಕೊಡಲು ಇನ್ನೊಬ್ಬ ಬಡವನನ್ನು ಎಬ್ಬಿಸುವುದನ್ನು ದೇವರ ಕೆಲಸ ಎನ್ನಲಾರೆ.

ಈಗ ನಮ್ಮ ನಡುವೆ ಇರುವವರ ಬಗ್ಗೆ. ಡಿಸೆಂಬರ್‌ನಿಂದ ಕಾಫಿ ಕುಯ್ಲು, ಅದರ ಬೆನ್ನಿಗೇ ಮೆಣಸು. ಭಾನುವಾರ ಸಿದ್ದಾಪುರದ ಸಂತೆಗೆ ಹೋದರೆ ಕನ್ನಡಕ್ಕಿಂತ ಬಂಗಾಳಿ, ಅಸ್ಸಾಮಿ, ಹಿಂದಿ ಹೆಚ್ಚು ಕಿವಿಗೆ ಬೀಳುವ ದಿನಗಳುಂಟು. ನಾವು ಅವರನ್ನೆಲ್ಲ ಒಟ್ಟಾಗಿ ಅಸ್ಸಾಮಿನವರು ಎನ್ನುತ್ತೇವೆ, ಕೋಪ ಬಂದಾಗ ಬಾಂಗ್ಲಾದವರು ಎನ್ನುತ್ತೇವೆ. ಅವರಲ್ಲಿ ಕೆಲವರನ್ನು ಕೂರಿಸಿ ಮಾತಾಡಿಸಿ ನೋಡಿ. ಅವರ ಮುತ್ತಜ್ಜಂದಿರು ಛೋಟಾನಾಗ್ಪುರದ ಮುಂಡಾ, ಒರಾಂವ್ ಜನ. 19ನೇ ಶತಮಾನದಲ್ಲಿ ಬ್ರಿಟಿಷರ ಚಹಾ ತೋಟಗಳಿಗೆಂದು ಅವರನ್ನು ಅಸ್ಸಾಮಿಗೆ ಸಾಗಿಸಿದರು. ಈಗ ಅಲ್ಲಿನ ಕೂಲಿ ಸಾಲದೆ ಮರಿಮಕ್ಕಳು ಕೊಡಗಿನ ಲೈನ್‌ಮನೆಗೆ ಬಂದಿದ್ದಾರೆ. ಹಲವರ ಕೊರಳಲ್ಲಿ ಜಪಸರ ಇದೆ. ಛೋಟಾನಾಗ್ಪುರದಲ್ಲಿ ನಮ್ಮ ಧರ್ಮಸಭೆ ಬೆಳೆದದ್ದಕ್ಕೆ ದೊಡ್ಡ ಕಾರಣ ಕಾನ್‌ಸ್ಟಂಟ್ ಲೀವೆನ್ಸ್ ಎಂಬ ಬೆಲ್ಜಿಯಂ ಗುರು. 1885ರಲ್ಲಿ ಅಲ್ಲಿಗೆ ಹೋದ ಅವರು ಜನರ ಜಮೀನಿನ ವ್ಯಾಜ್ಯ ಅರ್ಥವಾಗಲಿ ಎಂದು ಗೇಣಿ ಕಾನೂನು ಓದಿ, ಕೋರ್ಟಿನಲ್ಲಿ ಅವರ ಬೆನ್ನಿಗೆ ನಿಂತರು. ಕ್ಷಯ ಹತ್ತಿ 1893ರಲ್ಲಿ ತೀರಿಕೊಂಡರು. ಆಧ್ಯಾತ್ಮಿಕತೆ ಎಂದರೆ ಏನು ಎಂದು ಯುವ ಗುರುಗಳು ನನ್ನನ್ನು ಕೇಳಿದಾಗ ನಾನು ಮೊದಲು ಅವರ ಹೆಸರು ಹೇಳುತ್ತೇನೆ.

ಹೊರಗಿನಿಂದ ಬಂದವರ ಬಗ್ಗೆ ಇರುವ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ತೋಟದ ಮಾಲೀಕರಿಗೆ ಯಾರು ಬಂದರು, ಯಾರು ಹೋದರು ತಿಳಿಯುವುದಿಲ್ಲ. ಕಳ್ಳತನ ನಡೆದರೆ ಯಾರನ್ನು ಕೇಳುವುದು? ಗುರುತಿನ ಚೀಟಿ ನೋಡುವುದು, ಠಾಣೆಗೆ ಹೆಸರು ಕೊಡುವುದು ತಪ್ಪಲ್ಲ. ಗುರುತಿನ ಚೀಟಿ ನೋಡಿದ ಮೇಲೂ ಹೆಸರು ಹಿಡಿದು ಕರೆಯದಿರುವುದು ತಪ್ಪು. ಪೋಪ್ ಫ್ರಾನ್ಸಿಸ್ ವಲಸಿಗರ ವಿಷಯದಲ್ಲಿ ನಾಲ್ಕು ಕೆಲಸ ಹೇಳುತ್ತಿದ್ದರು: ಬರಮಾಡಿಕೊಳ್ಳುವುದು, ಕಾಪಾಡುವುದು, ಬೆಳೆಯಲು ಬಿಡುವುದು, ನಮ್ಮೊಳಗೆ ಸೇರಿಸಿಕೊಳ್ಳುವುದು. 2013ರಲ್ಲಿ ಪೋಪ್ ಆದ ಮೇಲೆ ರೋಮಿನ ಹೊರಗೆ ಅವರು ಮಾಡಿದ ಮೊದಲ ಪ್ರಯಾಣವೇ ಲಾಂಪೆಡೂಸಾ ದ್ವೀಪಕ್ಕೆ. ಸಮುದ್ರದಲ್ಲಿ ಮುಳುಗಿ ಸತ್ತ ವಲಸಿಗರಿಗಾಗಿ ಅಲ್ಲಿ ಪೂಜೆ ಅರ್ಪಿಸಿದರು. ನಮ್ಮಲ್ಲಿ ಮೊದಲ ಕೆಲಸ ಒಂದಿಷ್ಟು ನಡೆಯುತ್ತದೆ, ಯಾಕೆಂದರೆ ನಮಗೆ ಆಳು ಬೇಕು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕುಯ್ಲು ಮುಗಿದಿರುತ್ತದೆ.

ಕೊಡಗಿನವರಿಗೆ ನಿರಾಶ್ರಿತರಾಗುವುದು ಏನೆಂದು ಪುಸ್ತಕದಿಂದ ಕಲಿಯಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಬೆಟ್ಟಗಳು ಜರಿದಾಗ ಉಟ್ಟ ಬಟ್ಟೆಯಲ್ಲೇ ಕಾಡು ಹಾದು ಇಳಿದವರು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಶಾಲೆ, ಸಭಾಭವನಗಳಲ್ಲಿ ಮಲಗಿದರು. ಎಕರೆಗಟ್ಟಲೆ ತೋಟ ಇದ್ದವರೂ ಲೈನ್‌ಮನೆಯಲ್ಲಿದ್ದವರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದರು. ಎರಡು ವರ್ಷದ ಮೇಲೆ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಹೋಯಿತು. ಅದೇ 2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಮಾಕುಟ್ಟದಲ್ಲಿ ರಸ್ತೆಗೆ ಮಣ್ಣು ಸುರಿದರು, ತಲಪಾಡಿಯಲ್ಲಿ ಗಡಿ ಮುಚ್ಚಿದರು. ಮಂಗಳೂರಿನ ಆಸ್ಪತ್ರೆ ಸೇರಲಾಗದೆ ಕಾಸರಗೋಡಿನ ರೋಗಿಗಳು ಪ್ರಾಣ ಬಿಟ್ಟರು. ಅವರಲ್ಲಿ ಕನ್ನಡಿಗರೂ ಇದ್ದರು. ರೋಗ ತಡೆಯಬೇಕಾಗಿತ್ತು, ನಿಜ. ಆದರೆ ಆಂಬುಲೆನ್ಸಿಗೂ ದಾರಿ ಬಿಡದಷ್ಟು ಎತ್ತರದ ದಿಬ್ಬ ಮಣ್ಣಿನದು ಮಾತ್ರ ಆಗಿರಲಿಲ್ಲ.

ಕೊನೆಯದಾಗಿ ಒಂದು ಘಟನೆ. ಊರು, ತೋಟದ ಹೆಸರು ಬೇಡ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಜಾರ್ಖಂಡಿನ ಒಬ್ಬ ಹುಡುಗ ಸತ್ತ. ಹೆಣವನ್ನು ಊರಿಗೆ ಒಯ್ಯುವಷ್ಟು ಹಣ ಮನೆಯವರಲ್ಲಿರಲಿಲ್ಲ. ಕ್ರೈಸ್ತನೇ, ಆದರೆ ನಮ್ಮ ಧರ್ಮಕೇಂದ್ರದ ಪುಸ್ತಕದಲ್ಲಿ ಅವನ ಹೆಸರಿಲ್ಲ, ವಂತಿಗೆ ಕೊಟ್ಟವನಲ್ಲ, ನಮ್ಮ ಸ್ಮಶಾನದಲ್ಲಿ ಜಾಗವೂ ಕಡಿಮೆ ಎಂದು ಸಭೆಯಲ್ಲಿ ಮಾತು ಬಂತು. ಆಗ ಒಬ್ಬ ಅಜ್ಜಿ ಎದ್ದು ನಿಂತು, ನನಗೆಂದು ಇಟ್ಟ ಜಾಗ ಗಂಡನ ಪಕ್ಕದಲ್ಲಿದೆಯಲ್ಲ, ಅಲ್ಲಿ ಮಗುವನ್ನು ಮಲಗಿಸಿ, ನನಗೆ ಆಮೇಲೆ ನೋಡಿಕೊಂಡರಾಯಿತು ಎಂದರು. ಅಬ್ರಹಾಮನು ವಾಗ್ದತ್ತ ನಾಡಿನಲ್ಲಿ ತನ್ನದೆಂದು ಪಡೆದ ಮೊದಲ ಭೂಮಿ ಹೆಂಡತಿ ಸಾರಳನ್ನು ಹೂಳಲು ಹಿತ್ತಿಯರಿಂದ ಕೊಂಡ ಗವಿ ಎಂಬುದು ನನಗೆ ಆ ದಿನ ನೆನಪಾಯಿತು. ಆ ವರ್ಷದ ತಪಸ್ಸುಕಾಲದಲ್ಲಿ ನಾವು ಬೇರೆ ಯಾವ ವ್ರತವನ್ನೂ ಹೇರಲಿಲ್ಲ. ಸುತ್ತಲಿನ ಲೈನ್‌ಮನೆಗಳಿಗೆ ಹೋಗಿ ಪ್ರತಿಯೊಬ್ಬರ ಹೆಸರು, ಊರು, ಮನೆಯವರ ಫೋನ್ ನಂಬರು ಬರೆದುಕೊಳ್ಳುವುದೇ ವ್ರತ ಎಂದೆವು. ಯಾವ ಧರ್ಮ ಎಂಬ ಕಲಂ ಆ ಪುಸ್ತಕದಲ್ಲಿ ಇಡಲಿಲ್ಲ. ಪಾಪನಿವೇದನೆಗೆ ವರ್ಷಗಟ್ಟಲೆ ಬಾರದಿದ್ದ ಇಬ್ಬರು ತೋಟದ ರೈಟರುಗಳು ಈ ಕೆಲಸ ಮಾಡುತ್ತಾ ಮಾಡುತ್ತಾ ಚರ್ಚಿಗೆ ಮರಳಿದರು.

ಕರಿಕೆಯಲ್ಲಿ ಅಂಥ ಪುಸ್ತಕವನ್ನು ಯಾರು ಇಡಬೇಕು, ಪಂಚಾಯಿತಿಯೋ, ಈ ಸಂಘವೋ, ದೇವಸ್ಥಾನ, ಮಸೀದಿ, ಚರ್ಚುಗಳು ಸೇರಿಯೋ, ಅದನ್ನು ನೀವು ಹೇಳಬೇಕು. ಮುಂದಿನ ಮೆಣಸಿನ ಕೊಯ್ಲಿಗೆ ಮೊದಲು ಆಗಬೇಕಾದ ಕೆಲಸ. ನಿಮ್ಮ ಮಾತು ಕೇಳಲು ನಾನು ಇಲ್ಲೇ ಕೂತಿರುತ್ತೇನೆ.