ನೆನಪಿನ ತೋಪು
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ತೀರಿಕೊಂಡವರ ನೆನಪಿಗಾಗಿ ಊರಿನ ಗುಂಡುತೋಪಿನಲ್ಲಿ ಒಂದು ವನ ಮಾಡಬೇಕೆಂದು ತಾವು ಗೊತ್ತುಮಾಡಿದ್ದೀರಿ. ಅದು ಹೇಗಿರಬೇಕೆಂದು ನಾಲ್ಕು ಮಾತು ಹೇಳಲು ನನ್ನನ್ನು ಕರೆದಿರಿ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳವರಿಗೆ ಹೆಗಲು ಕೊಡಲು ಜನ ಸಿಗಲಿಲ್ಲ. ಹೆತ್ತವರಿಗೆ ಒಂದು ಹಿಡಿ ಮಣ್ಣು ಹಾಕುವುದಕ್ಕೂ ಮಕ್ಕಳಿಗೆ ಅವಕಾಶವಾಗಲಿಲ್ಲ. ಆ ಭಾರವನ್ನು ಇಳಿಸಿ ಕೂರಲು ಒಂದು ತಂಪಾದ ಜಾಗ ಬೇಕೆಂಬ ತಮ್ಮ ಅಪೇಕ್ಷೆ ನ್ಯಾಯವಾದುದೇ ಆಗಿದೆ.

ಕಲ್ಲು ಯಾವುದು, ಅಕ್ಷರ ಯಾವ ಬಣ್ಣದ್ದು ಎಂದು ಆಗಲೇ ಚರ್ಚೆ ನಡೆದಿದೆಯೆಂದು ಕೇಳಿದೆ. ಅದಕ್ಕೆ ಮೊದಲು, ಮೂರು ಬೇಸಿಗೆ ನೀರು ಹಾಕುವವರು ಯಾರು ಎಂಬುದನ್ನು ತೀರ್ಮಾನಿಸಿರಿ. ಇದು ಹೊಸ ಯೋಚನೆಯಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ, ಸುಮಾರು 950ರಲ್ಲಿ, ಒಂದು ಕಲ್ಲು ನಿಲ್ಲಿಸಿದರು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅವರು ಕಲ್ಲು ನೆಟ್ಟು ಕೈತೊಳೆದುಕೊಳ್ಳಲಿಲ್ಲ. ಅದರ ಪೂಜೆಗೆಂದು ಭೂಮಿ ಬಿಟ್ಟರು. ನೋಡಿಕೊಳ್ಳುವ ಗೊರವನು ಪೂಜೆ ಮಾಡದೆ ಉಣ್ಣಬಾರದೆಂದು ಕಟ್ಟುಮಾಡಿದರು. ಒಂದು ನಾಯಿಗಾಗಿ ಅಷ್ಟು ವ್ಯವಸ್ಥೆ! ನಮ್ಮ ಕಡೆ ಅನೇಕ ವೀರಗಲ್ಲುಗಳು ಬೇಲಿಯ ಮರೆಯಲ್ಲಿ ಬಿದ್ದಿವೆ, ಕೆಲವು ಬಟ್ಟೆ ಒಗೆಯುವ ಚಪ್ಪಡಿಯಾಗಿವೆ. ಕೆತ್ತಿದವರ ಕೈ ಚೆನ್ನಾಗಿಯೇ ಇತ್ತು, ನೋಡಿಕೊಳ್ಳುವವರು ಉಳಿಯಲಿಲ್ಲ.

ಇನ್ನು ಜಾಗದ ವಿಚಾರ. ಪಹಣಿಯಲ್ಲಿ ಗುಂಡುತೋಪೆಂದು ಬರೆದಿದ್ದರೆ ಸಾಲದು. ಭೂಮಾಪಕರನ್ನು ಕರೆಸಿ ಅಳತೆ ಮಾಡಿಸಿ ಎಲ್ಲೆಕಲ್ಲು ನೆಡಿಸಿರಿ. ಒತ್ತುವರಿಯಾಗಿದ್ದರೆ ಈಗಲೇ ಮಾತಾಡಿ ಬಗೆಹರಿಸಿಕೊಳ್ಳಿ. ಸತ್ತವರ ಹೆಸರನ್ನು ಜಗಳದ ಜಾಗದಲ್ಲಿ ಬರೆಯುವುದು ಬೇಡ. ಕೆರೆಯಂಗಳವನ್ನು ಮುಟ್ಟಬೇಡಿ. ಮೇಲೆ ವಿದ್ಯುತ್ ತಂತಿ ಇರಬಾರದು, ಇದ್ದರೆ ಪ್ರತಿವರ್ಷ ಮರದ ತಲೆ ಕಡಿಯುತ್ತಾರೆ.

20 ಗುಂಟೆ ಇದ್ದರೆ, 30 ಅಡಿ ಅಂತರದಲ್ಲಿ, ನಡುವೆ ಸ್ವಲ್ಪ ಬಯಲು ಬಿಟ್ಟು, ಸುಮಾರು 20 ಮರ ಹಿಡಿಸುತ್ತವೆ. ಹೆಚ್ಚಿನ ಪಾಲು ಹೊಂಗೆಯೇ ಇರಲಿ. ಅದು ಯುಗಾದಿಯ ಹೊತ್ತಿಗೆ ಹೊಸ ಎಲೆ ಬಿಡುತ್ತದೆ, ಸುಡುಬಿಸಿಲಿನಲ್ಲಿ ತಂಪು ನೆರಳು ಕೊಡುತ್ತದೆ, ಆಡು ಕುರಿ ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಬೇವು ನಾಲ್ಕೈದು. ಕೂರುವ ಜಾಗದ ಬಳಿ ಎರಡು ಬಕುಳ ಹಾಕಿರಿ. ಅದರ ಹೂವು ಒಣಗಿದ ಮೇಲೂ ಪರಿಮಳ ಬಿಡದು, ನೆನಪಿನ ಜಾಗಕ್ಕೆ ಅದಕ್ಕಿಂತ ತಕ್ಕ ಮರವನ್ನು ನಾನು ಕಾಣೆ. ದಾರಿಯ ಬದಿಗೆ ಪಾರಿಜಾತ: ರಾತ್ರಿ ಅರಳಿ ಬೆಳಗಿನ ಹೊತ್ತಿಗೆ ನೆಲಕ್ಕೆ ಉದುರಿರುತ್ತದೆ. ಅರಳಿ, ಆಲ ಬೇಕೆನ್ನುವವರು ಕಲ್ಲುಕಟ್ಟಡದಿಂದ 40 ಅಡಿ ದೂರ ನೆಡಿರಿ, ಅದರ ಬೇರು ಕಟ್ಟಡವನ್ನು ಸೀಳುತ್ತದೆ. ಹುಲ್ಲುಹಾಸು ಬೇಡವೇ ಬೇಡ. ಕುಡಿಯುವ ನೀರಿಗೆ ಸಾಲು ನಿಲ್ಲುವ ಊರಿನಲ್ಲಿ ಹುಲ್ಲಿಗೆ ದಿನವೂ ನೀರು ಹಾಯಿಸುವುದು ಒಪ್ಪುವ ಮಾತಲ್ಲ.

ಮರಗಳನ್ನೆಲ್ಲ ಒಂದೇ ವರ್ಷ ನೆಡಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ನೋಡಿದವರು ತಮ್ಮಲ್ಲಿ ಇರಬಹುದು. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಸತ್ತವರ ಸ್ಮಾರಕ ಅಲ್ಲಿದೆ. ಆ ಊರಿಗೆ ಹೆಸರು ತಂದ ಹಳೆಯ ಅಶ್ವತ್ಥ ವೃಕ್ಷವು 2001ರಲ್ಲಿ ಉರುಳಿತು. ಎಷ್ಟು ಹಿರಿಯ ಮರವಾದರೂ ಒಂದು ದಿನ ಉರುಳುವುದೇ. ಆದಕಾರಣ ಈ ವರ್ಷ ಅರ್ಧ, ಇನ್ನು ಹತ್ತು ವರ್ಷದ ಮೇಲೆ ಉಳಿದರ್ಧ ನೆಟ್ಟರೆ, ಎಲ್ಲಕ್ಕೂ ಒಟ್ಟಿಗೆ ಮುಪ್ಪು ಬರುವುದಿಲ್ಲ.

ಕೂರಲು ಸಿಮೆಂಟು ಬೇಡ, ಬಿಸಿಲಿಗೆ ಕಾದರೆ ಸಂಜೆಯವರೆಗೂ ಆರದು. ನೆರಳಿನಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಚಪ್ಪಡಿ ಹಾಕಿ, ಮುದುಕರಿಗಾಗಿ ಎರಡಕ್ಕಾದರೂ ಬೆನ್ನಾಸರೆ ಮಾಡಿಸಿರಿ. ಅವನ್ನು ಎದುರುಬದುರಾಗಿ ಇಡಬೇಡಿ, ಇಟ್ಟರೆ ಹರಟೆಕಟ್ಟೆಯಾಗುತ್ತದೆ. ಊರಿನಲ್ಲಿ ಅದಕ್ಕೆ ಬೇಕಾದಷ್ಟು ಕಟ್ಟೆಗಳಿವೆ. ಹೊಲದ ಕಡೆಗೆ ಮುಖವಿರಲಿ. ದುಃಖದಲ್ಲಿರುವವರ ಮುಖವನ್ನು ಬೇರೆಯವರು ನೋಡುತ್ತಾ ಕೂರಬಾರದು. ದಾರಿ 4 ಅಡಿ ಅಗಲ, ಗರಸು ಹಾಕಿ ದಿಮ್ಮಿಸಿದ್ದು, ಮೆಟ್ಟಿಲಿಲ್ಲದ್ದು. ಧ್ವನಿವರ್ಧಕ ಒಳಗೆ ಬರಕೂಡದೆಂದು ಪಂಚಾಯಿತಿಯಲ್ಲಿ ನಿರ್ಣಯವಾಗಲಿ, ಹಬ್ಬವಿರಲಿ ಚುನಾವಣೆಯಿರಲಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ: ಯಾರ ಯಾರ ಹೆಸರು? ಎಲ್ಲ ಕೇರಿಯವರದೂ ಒಂದೇ ಕಲ್ಲಿನ ಮೇಲೆ, ಅಕಾರಾದಿಯಾಗಿ, ಜಾತಿಯ ಉಪನಾಮವಿಲ್ಲದೆ ಬರೆಯತಕ್ಕದ್ದು. ಚಂದಾ ಕೊಟ್ಟವರ ಹೆಸರು ಲೆಕ್ಕದ ಪುಸ್ತಕದಲ್ಲಿದ್ದರೆ ಸಾಕು. ಸಾಲದ ಬಾಧೆಗೆ ಸಿಕ್ಕಿ ತಾವೇ ಪ್ರಾಣ ಕಳೆದುಕೊಂಡ ರೈತರ ಹೆಸರು ಬೇಡವೆಂದು ಕೆಲವರು ಮೆಲ್ಲಗೆ ಹೇಳಿದರು. ನಾನು ಒಪ್ಪುವುದಿಲ್ಲ. ಅವರ ಹೆಂಡಿರು ಮಕ್ಕಳು ಇದೇ ಸಭೆಯಲ್ಲಿ ಕುಳಿತಿದ್ದಾರೆ. ಅವರ ಮನೆಯವರು ಹೂಂ ಅಂದರೆ ಆ ಹೆಸರು ಉಳಿದವರ ಸಾಲಿನಲ್ಲೇ ಬರಬೇಕು. ಹೇಗೆ ತೀರಿಕೊಂಡರೆಂದು ಯಾರ ಹೆಸರಿನ ಮುಂದೆಯೂ ಬರೆಯಬಾರದು. ಕಲ್ಲಿನಲ್ಲಿ ಒಂದಿಷ್ಟು ಜಾಗ ಖಾಲಿ ಇರಲಿ. ನಾಚಿಕೆಯಿಂದ ಇವತ್ತು ಹೆಸರು ಕೊಡದ ಮನೆಯವರು ನಾಳೆ ಕೊಟ್ಟಾರು.

ಗುಣಿ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ಭರಣಿ ಮಳೆಗೆ ಮುಂಚೆಯೇ ತೆಗೆದು ಬಿಸಿಲು ಕಾಣಿಸಿ, ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ತುಂಬಿರಿ. ಮೃಗಶಿರ ಮಳೆ ನೆಲ ನೆನೆಸಿದ ಮೇಲೆ ಸಸಿ ನೆಡಿರಿ. ಸಸಿಗಳನ್ನು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮೊದಲೇ ಹೇಳಿಡಬೇಕು. ಪ್ರತಿ ಗಿಡದ ಬುಡದಲ್ಲಿ ಒಂದು ಮಣ್ಣಿನ ಮಡಕೆ ಹೂತು ತುಂಬಿಸಿದರೆ ನೀರು ಜಿನುಗಿ ಬೇರಿಗೇ ಸೇರುತ್ತದೆ, ಬಿಸಿಲಿಗೆ ಆರಿ ಹೋಗುವುದಿಲ್ಲ. ಸುತ್ತ ಮುಳ್ಳುಬೇಲಿ ಆಗಲೇಬೇಕು. ಒಂದು ಗಿಡಕ್ಕೆ ಎರಡು ಮನೆ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಎರಡೆರಡು ಕೊಡ. ಸಾಧ್ಯವಾದಷ್ಟೂ ಬೇರೆ ಬೇರೆ ಕೇರಿಯ ಎರಡು ಮನೆಗಳನ್ನು ಜೋಡಿಸಿರಿ. ಒಬ್ಬರು ಊರಿನಲ್ಲಿಲ್ಲದಿದ್ದರೆ ಇನ್ನೊಬ್ಬರು ಹಾಕಬೇಕು. ಸರದಿಯ ಚೀಟಿ ಶಾಲೆಯ ಗೋಡೆಗೆ ಅಂಟಿಸಿರಿ, ಯಾರು ತಪ್ಪಿಸಿದರೆಂದು ಮಕ್ಕಳೇ ಓದಿ ಹೇಳುತ್ತಾರೆ.

ಪಟ್ಟಿಗೆ ಹೆಸರು ಕೊಡುವವರು ಈಗ ಮುಂದೆ ಬರಬಹುದು. ನಾಳೆ ಬೆಳಿಗ್ಗೆ ತೋಪಿನಲ್ಲಿ ಗುಣಿಗೆ ಗುರುತು ಹಾಕಲು ಹಗ್ಗ ಹಿಡಿಯುವ ನಾಲ್ಕು ಮಂದಿ ಬೇಕು.