ಹಲಗಿನೂ ನಮ್ಮದು, ಗಿಟಾರೂ ನಮ್ಮದು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಸಲ ಜಯಂತಿಗೆ ಹಲಗಿ ಜೊತಿ ಗಿಟಾರ್ ಬಾರಸ್ತೀವಿ ಅಂತ ನಮ್ಮ ಹುಡುಗರು ಹೇಳಿದ್ರು. ಹಿರಿಯರೊಬ್ಬರು ‘ಗಿಟಾರ್ ನಮ್ಮದಲ್ಲ’ ಅಂದ್ರು. ಇನ್ನೊಬ್ಬರು ‘ಹಲಗಿ ಬಿಟ್ಟೀವಿ, ಮತ್ತ್ಯಾಕ ಹಿಡೀತೀರಿ?’ ಅಂದ್ರು. ಆವಾಗ ನನಗ ಅಮೆರಿಕದ ಒಂದು ಆಲ್ಬಮ್ ನೆನಪಾತು.

ಅದರ ಹೆಸರು ‘ವಿವಿಡ್’. ನ್ಯೂಯಾರ್ಕಿನ ‘ಲಿವಿಂಗ್ ಕಲರ್’ ತಂಡದ ಮೊದಲ ಆಲ್ಬಮ್, 1988ರಲ್ಲಿ ಬಂತು. ತಂಡದ ನಾಲ್ವರೂ ಕಪ್ಪು ಜನಾಂಗದವರು. ಕುಣಿಸುವ ಫಂಕ್ ತಾಳ, ಎದೆ ನಡುಗಿಸುವ ಮೆಟಲ್ ಗಿಟಾರ್, ನಡುವೆ ರ‍್ಯಾಪ್. ಮೊದಲ ಸಲ ಕೇಳಿದ್ರ ‘ಇದೆಂಥ ಕಲಬೆರಕಿ’ ಅನಸ್ತದ. ರಾಕ್ ಸಂಗೀತ ಬೆಳೆದದ್ದೇ ಚಕ್ ಬೆರಿ, ಲಿಟಲ್ ರಿಚರ್ಡ್‌ರಂಥ ಕಪ್ಪು ಕಲಾವಿದರ ಕೈಯಾಗ. ಆದರೂ ಆ ಹೊತ್ತಿಗೆ ರಾಕ್ ಅಂದ್ರ ಬಿಳಿಯರದು ಅನ್ನೂ ಹಂಗ ಕಂಪನಿಗಳು ನಡಕೊಂತಿದ್ವು. ಅದಕ್ಕೇ ಗಿಟಾರ್ ವಾದಕ ವರ್ನನ್ ರೀಡ್ 1985ರಲ್ಲಿ ಗೆಳೆಯರ ಜೊತೆ ‘ಬ್ಲ್ಯಾಕ್ ರಾಕ್ ಕೊಯಲಿಶನ್’ ಕಟ್ಟಿದರು. ಮೊದಲು ಸಂಘ, ಆಮ್ಯಾಲೆ ಆಲ್ಬಮ್!

ಅದರ ಮೊದಲ ಹಾಡು ಮಾಲ್ಕಂ ಎಕ್ಸ್ ಅವರ ದನಿಯಿಂದ ಶುರುವಾಗ್ತದ. ಆ ಹಾಡಿಗೆ 1990ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಇನ್ನೊಂದು ಹಾಡು ಬಡವರ ಓಣಿ ಕೆಡವುವ ಮಾಲಕನಿಗೆ ಬರೆದ ಬಹಿರಂಗ ಪತ್ರ. ಬೀದಿಯಲ್ಲಿ ಕಪ್ಪು ಮನುಷ್ಯನನ್ನು ಸಂಶಯದಿಂದ ನೋಡುವ ಕಣ್ಣುಗಳ ಬಗ್ಗೆ ಮತ್ತೊಂದು. ನಮಗ ಗೊತ್ತಿಲ್ಲದ ಕಣ್ಣೇನ್ರಿ ಅವು?

ಇನ್ನ ಹಲಗಿ ಮಾತು. ನಮ್ಮಪ್ಪ ಹಲಗಿ ಬಿಟ್ಟದ್ದು ಸರಿ. ಸಾವಿರಲಿ, ಡಂಗೂರ ಇರಲಿ, ಕರೆದಾಗ ಓಡಿಹೋಗಿ ದೂರ ನಿಂತು ಬಾರಸಬೇಕಿತ್ತು. ಆ ಬಿಟ್ಟಿ ಚಾಕರಿ ಅಪ್ಪ ಬಿಟ್ಟ. ತಾಳ ಕೈಯಾಗ ಉಳೀತು. ಈಗೂ ಭೀಮಗೀತೆ ಕೇಳಿದ್ರ ಅವನ ಬೆರಳು ಮಂಚದ ಮ್ಯಾಲೆ ಆಡ್ತಾವ.

1920ರ ಮಾರ್ಚ್‌ನಲ್ಲಿ ನಮ್ಮ ಹಾತಕಣಂಗಲೆ ತಾಲೂಕಿನ ಮಾಣಗಾವದಾಗ ಪರಿಷತ್ತು ನಡೀತು. ಬಾಬಾಸಾಹೇಬರು ಅಧ್ಯಕ್ಷರು. ಶಾಹೂ ಮಹಾರಾಜರು ಬಂದು, ನಿಮ್ಮ ಉದ್ಧಾರಕ ನಿಮ್ಮೊಳಗಿಂದಲೇ ಬಂದಾನ ಅಂತ ಜನಕ್ಕ ತೋರಿಸಿಕೊಟ್ಟರು. ನಾಯಕ ನಮ್ಮೊಳಗಿಂದ ಬಂದ ಮ್ಯಾಲೆ ಹಾಡೂ ಬರಬೇಕಲ್ಲ?

ಹಿರಿಯರಲ್ಲಿ ನನ್ನ ವಿನಂತಿ: ಹುಡುಗರಿಗೆ ಒಂದು ತಾಸು ವೇದಿಕೆ ಕೊಡ್ರಿ. ಹುಡುಗರೇ, ಸಿನಿಮಾ ಹಾಡು ಬ್ಯಾಡ. ಇಚಲಕರಂಜಿ ಮಗ್ಗದ ರಾತ್ರಿ ಪಾಳಿ, ನಳದ ಮುಂದಿನ ಸರದಿ, ಇವನ್ನೇ ಬರೀರಿ. ಹಲಗಿ ಒಬ್ಬ ಹುಡುಗಿ ಹಿಡೀಲಿ. ಮುಂದಿನ ಸಾಲಿನಾಗ ನಮ್ಮಪ್ಪನ್ನ ಕರಕೊಂಡು ಬಂದು ನಾನು ಕೂಡಸ್ತೀನಿ.

ಜೈಭೀಮ್, ಜೈ ಶಾಹೂ.