ಕೋಟೆಯೂರಿನ ನೀರಿನ ದಾರಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಮಕ್ಕಳು ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದಾರೆ.

ನಮ್ಮೂರು ಚಿತ್ರದುರ್ಗದ ಚರಿತ್ರೆಯ ಚಿತ್ರಪ್ರದರ್ಶನ ಇದು. ದುರ್ಗ ಎಂದೊಡನೆ ಏಳು ಸುತ್ತಿನ ಕೋಟೆ, ಮದಕರಿನಾಯಕ, ಓಬವ್ವ ಕಣ್ಣಮುಂದೆ ಬರುತ್ತಾರೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಕಥೆಯನ್ನು ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿ ಮನೆಮನೆಗೆ ಮುಟ್ಟಿಸಿತು. ಆ ಹೆಮ್ಮೆ ನನಗೂ ಇದೆ. ಆದರೂ ಇವತ್ತು ನಾನು ಮಾತಾಡಬೇಕೆಂದು ಬಂದದ್ದು ನೀರಿನ ವಿಚಾರ.

ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ನಾಲ್ಕನೆಯ ಶತಮಾನದ್ದು, ಪ್ರಾಕೃತದಲ್ಲಿ ಬರೆದದ್ದು, ಮೂರೇ ಸಾಲು. ಅದು ಸಾರುವುದು ಅವನು ಕೆರೆ ಕಟ್ಟಿಸಿದ ಸಂಗತಿಯನ್ನು. ಈ ನೆಲದ ಅಷ್ಟು ಹಳೆಯ ಬರಹ ಕೆರೆಯದ್ದು ಎಂಬುದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ.

ಕೋಟೆಯ ಬೆಟ್ಟ ಹತ್ತಿ ನೋಡಿ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಊರೊಳಗಿನ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ. ಮೋಟಾರಿಲ್ಲ, ಪೈಪಿಲ್ಲ. ಇಳಿಜಾರು ಹಿಡಿದು ಕಟ್ಟಿದವರ ಕಣ್ಣಳತೆ ಅದು. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ, ವೈರಿ ಸುತ್ತುಗಟ್ಟಿ ಕೂತಾಗಲೂ ಮೇಲಿದ್ದವರ ಗಂಟಲು ಒಣಗದಂತೆ ನೋಡಿಕೊಂಡದ್ದು ಈ ಹೊಂಡಗಳೇ. ಓಬವ್ವನನ್ನೇ ನೆನೆಯಿರಿ: ಗಂಡನನ್ನು ಊಟಕ್ಕೆ ಕೂರಿಸಿ, ಕೊಡ ಹಿಡಿದು ನೀರಿಗೆ ಹೋದಾಗಲೇ ಅವಳಿಗೆ ಕೋಟೆಯ ಕಿಂಡಿಯೊಳಗೆ ನುಸುಳುತ್ತಿದ್ದ ಶತ್ರುಗಳ ಸುಳಿವು ಸಿಕ್ಕಿದ್ದೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ.

ಹಿರಿಯೂರಿನ ಮಕ್ಕಳಿಗೆ ಮಾರಿಕಣಿವೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿತ್ತು; ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎಷ್ಟೋ ಜನ ಅದನ್ನು ಕಾಣದೆಯೇ ಬಾಳು ಮುಗಿಸಿದರು. ಅಂದು ವೇದಾವತಿಗೆ ಬಾಗಿನ ಬಿಟ್ಟ ಹೆಣ್ಣುಮಕ್ಕಳ ಸಂಭ್ರಮ ಬರ ಉಂಡವರಿಗಷ್ಟೇ ಅರ್ಥವಾಗುವಂಥದ್ದು.

ಹಾಗಾಗಿ ಸಂಘಟಕರಲ್ಲಿ ಒಂದು ಕೋರಿಕೆ. ಬುರುಜು, ಬಾಗಿಲುಗಳ ಚಿತ್ರಗಳ ಜೊತೆಗೆ ಹೊಂಡ, ಕಾಲುವೆ, ತೂಬುಗಳಿಗೂ ಒಂದು ಗೋಡೆ ಬಿಟ್ಟುಕೊಡಿ. ಸಭೆಯಲ್ಲಿರುವ ಅಜ್ಜ-ಅಜ್ಜಿಯರೇ, ಸಿಹಿನೀರು ಹೊಂಡದಿಂದ ನೀರು ಹೊತ್ತ ನೆನಪು ನಿಮಗಿದ್ದರೆ ಈ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹೇಳಿ. ಮನೆಯಲ್ಲಿ ಹಳೆಯ ಫೋಟೊ ಇದ್ದರೆ ನಾಳೆ ತನ್ನಿ. ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಬನ್ನಿ, ಒಳಗೆ ಹೋಗಿ ನೋಡೋಣ.